ಎಂಟು ಬಿಟ್‌ಗಳ ಗಡಿ

ಡಿಸ್ಕ್ ಒಳಗೆ ಹೋಗುತ್ತದೆ. ಮೋಟಾರು ತಿರುಗುವ ಸದ್ದು ಕೇಳುತ್ತದೆ. ಪರದೆ ಕೆಲವು ಕ್ಷಣ ಕಪ್ಪಾಗಿರುತ್ತದೆ. ಆಮೇಲೆ ಚಿತ್ರದ ಬದಲು ಒಂದು ಸಾಲು ಮೂಡುತ್ತದೆ: ಈ ಡಿಸ್ಕನ್ನು ನಿಮ್ಮ ವಲಯದಲ್ಲಿ ನೋಡುವಂತಿಲ್ಲ. ಹೊರದೇಶದಲ್ಲಿರುವ ಬಂಧುಗಳು ಕಳಿಸಿದ್ದಿರಬಹುದು, ಪ್ರವಾಸದಲ್ಲಿ ಹುಡುಕಿ ಕೊಂಡದ್ದಿರಬಹುದು. ಹಣ ತೆತ್ತು ತಂದ, ಒಂದು ಗೀರೂ ಇಲ್ಲದ ಡಿಸ್ಕ್ ಅದು. ಸಾಮಾನ್ಯವಾಗಿ ನಾವು ಅದನ್ನು ಹೊರತೆಗೆದು ಮೆತ್ತನೆಯ ಬಟ್ಟೆಯಿಂದ ಒರೆಸುತ್ತೇವೆ, ಮತ್ತೆ ಹಾಕುತ್ತೇವೆ, ಕೊನೆಗೆ ಪ್ಲೇಯರ್ ಕೆಟ್ಟಿದೆ ಎಂದು ಗೊಣಗುತ್ತೇವೆ. ಪ್ಲೇಯರ್ ಕೆಟ್ಟಿರುವುದಿಲ್ಲ. ಅದು ಡಿಸ್ಕನ್ನು ಚೆನ್ನಾಗಿಯೇ ಓದಿದೆ. ಓದಿದ್ದರಿಂದಲೇ ಬಾಗಿಲು ಹಾಕಿಕೊಂಡಿದೆ.

ಡಿವಿಡಿ ಎಂಬುದು 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಬಿಲ್ಲೆ. ಅದರೊಳಗಿನ ಹೊಳೆಯುವ ಪದರದಲ್ಲಿ ಸುರುಳಿಯಾಗಿ ಸಾಗುವ ಒಂದೇ ಒಂದು ಹಾದಿ ಇದೆ. ಸುತ್ತಿನಿಂದ ಸುತ್ತಿಗೆ ಇರುವ ಅಂತರ 0.74 ಮೈಕ್ರೋಮೀಟರ್. ಆ ಸುರುಳಿಯನ್ನು ಬಿಡಿಸಿ ನೇರ ಮಾಡಿದರೆ ಸುಮಾರು 12 ಕಿಲೋಮೀಟರ್ ಉದ್ದವಾದೀತು. ಹಾದಿಯ ಮೇಲಿನ ಸೂಕ್ಷ್ಮ ಕುಳಿಗಳನ್ನು 650 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಓದುತ್ತದೆ. ಈ ಅಳತೆಗಳಲ್ಲಿ ದೇಶದಿಂದ ದೇಶಕ್ಕೆ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಜಪಾನಿನಲ್ಲಿ ಅಚ್ಚಾದ ಡಿಸ್ಕನ್ನು ಬ್ರೆಜಿಲ್‌ನ ಪ್ಲೇಯರ್ ಓದದಿರಲು ಭೌತವಿಜ್ಞಾನದಲ್ಲಿ ಕಾರಣವೇ ಇಲ್ಲ. ಒಂದು ಪದರದ ಡಿವಿಡಿಯಲ್ಲಿ ಸುಮಾರು 470 ಕೋಟಿ ಬೈಟ್‌ಗಳಿಗೆ ಜಾಗವಿದೆ. ತಡೆ ಹುಟ್ಟುವುದು ಅವುಗಳಲ್ಲಿ ಒಂದೇ ಒಂದು ಬೈಟಿನಿಂದ.

ಆ ಬೈಟಿನ ಹೆಸರು ವಲಯ ಸಂಕೇತ, ಬಳಕೆಯ ಮಾತಿನಲ್ಲಿ ರೀಜನ್ ಕೋಡ್. ಪುಸ್ತಕಕ್ಕೆ ಪರಿವಿಡಿ ಇದ್ದಂತೆ ಡಿಸ್ಕಿಗೂ ಒಂದು ಮುಖ್ಯ ಕಡತವಿರುತ್ತದೆ. ಪ್ಲೇಯರ್ ಚಿತ್ರವನ್ನು ತೋರಿಸುವ ಮೊದಲು ಅದನ್ನು ನೋಡುತ್ತದೆ. ಸಂಕೇತ ಇರುವುದು ಅಲ್ಲಿ. ಬೈಟಿನಲ್ಲಿ ಎಂಟು ಬಿಟ್‌ಗಳು, ಒಂದೊಂದು ಬಿಟ್ ಒಂದೊಂದು ವಲಯಕ್ಕೆ. ಬಿಟ್ 0 ಆಗಿದ್ದರೆ ಆ ವಲಯದಲ್ಲಿ ನೋಡಬಹುದು, 1 ಆಗಿದ್ದರೆ ನೋಡುವಂತಿಲ್ಲ. ಬಲಗಡೆಯಿಂದ ಎಣಿಸುತ್ತಾ ಬಂದರೆ, ಒಂದನೇ ವಲಯಕ್ಕೆ ಮಾತ್ರ ಮೀಸಲಾದ ಡಿಸ್ಕಿನ ಬೈಟ್ 11111110. ಐದನೇ ವಲಯದ್ದಾದರೆ 11101111. ಎಲ್ಲರಿಗೂ ತೆರೆದ ಡಿಸ್ಕಿನದು 00000000. ಪೆಟ್ಟಿಗೆಯ ಮೇಲೆ ‘ವಲಯ 0’ ಎಂದು ಅಚ್ಚು ಹಾಕುವುದುಂಟು. ಹಾಗೊಂದು ವಲಯ ಭೂಪಟದಲ್ಲಿ ಎಲ್ಲೂ ಇಲ್ಲ, ಯಾವ ವಲಯಕ್ಕೂ ನಿಷೇಧವಿಲ್ಲ ಎಂಬುದಷ್ಟೇ ಅದರ ಅರ್ಥ. ಈ ವಿನ್ಯಾಸವನ್ನು ಮೊದಲ ಸಲ ಅರ್ಥಮಾಡಿಕೊಂಡಾಗ ನನ್ನ ಮನಸ್ಸಿನಲ್ಲಿ ಉಳಿದದ್ದು ಇದು: ಸುಮ್ಮನೆ ಬಿಟ್ಟರೆ ಡಿಸ್ಕ್ ಇಡೀ ಜಗತ್ತಿಗೆ ತೆರೆದೇ ಇರುತ್ತದೆ. ಮುಚ್ಚಬೇಕಾದರೆ ಯಾರಾದರೂ ಕುಳಿತು ಒಂದೊಂದೇ ವಲಯಕ್ಕೆ 1 ಬರೆಯಬೇಕು.

ಡಿವಿಡಿ 1996ರ ನವೆಂಬರ್‌ನಲ್ಲಿ ಜಪಾನಿನಲ್ಲಿ, ಮರುವರ್ಷ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂತು. ಅದರೊಂದಿಗೇ ಈ ಭೂಪಟವೂ ಬಂತು. ಅಮೆರಿಕ, ಕೆನಡಾಗಳದ್ದು 1. ಪಶ್ಚಿಮ ಯೂರೋಪ್, ಜಪಾನ್, ಮಧ್ಯಪ್ರಾಚ್ಯ, ದಕ್ಷಿಣ ಆಫ್ರಿಕಾ 2. ಆಗ್ನೇಯ ಏಷ್ಯಾ, ದಕ್ಷಿಣ ಕೊರಿಯಾ, ತೈವಾನ್ 3. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಲ್ಯಾಟಿನ್ ಅಮೆರಿಕ 4. ಭಾರತ, ರಷ್ಯಾ ಹಾಗೂ ಆಫ್ರಿಕಾದ ಬಹುಭಾಗ 5. ಚೀನಾ 6. ಏಳನೆಯದನ್ನು ಕಾದಿರಿಸಿದರು. ಎಂಟನೆಯದನ್ನು ಯಾವ ನೆಲಕ್ಕೂ ಸೇರದ ವಿಮಾನ ಮತ್ತು ಪ್ರವಾಸಿ ಹಡಗುಗಳಿಗೆ ಕೊಟ್ಟರು.

ಹೀಗೆ ಜಗತ್ತನ್ನು ಹೋಳು ಮಾಡಲು ಆ ಕಾಲಕ್ಕೆ ಒಂದು ಕಾರಣವಿತ್ತು. ಚಿತ್ರಗಳು ಆಗ ಫಿಲ್ಮ್ ಸುರುಳಿಗಳಲ್ಲಿ ಊರೂರು ತಿರುಗುತ್ತಿದ್ದವು. ಒಂದೊಂದು ಪ್ರತಿಗೂ ದೊಡ್ಡ ಖರ್ಚು. ಅಮೆರಿಕದ ಚಿತ್ರಮಂದಿರಗಳಲ್ಲಿ ಓಡಿ ಮುಗಿದ ಪ್ರತಿಗಳೇ ತಿಂಗಳುಗಳ ನಂತರ ಬೇರೆ ದೇಶಗಳಿಗೆ ಹೋಗುವುದಿತ್ತು. ಅಷ್ಟರಲ್ಲಿ ಅಮೆರಿಕದಲ್ಲಿ ಡಿಸ್ಕ್ ಬಿಡುಗಡೆಯಾಗಿ ಅಂಚೆಯಲ್ಲಿ ಬಂದುಬಿಟ್ಟರೆ ಆ ಬೇರೆ ದೇಶಗಳ ಚಿತ್ರಮಂದಿರಕ್ಕೆ ಯಾರು ಹೋಗುತ್ತಾರೆ ಎಂಬುದು ನಿರ್ಮಾಣ ಸಂಸ್ಥೆಗಳ ಅಳುಕು. ಜೊತೆಗೆ ದೇಶಕ್ಕೊಬ್ಬ ಹಂಚಿಕೆದಾರನಿಗೆ ಹಕ್ಕು ಮಾರುವ ಪದ್ಧತಿ. ದೇಶಕ್ಕೊಂದು ಬೆಲೆ ಇಡುವ ಆಸೆ. ಮೊದಲನೆಯ ಕಾರಣವನ್ನು ನಾನು ಒಪ್ಪಬಲ್ಲೆ. ಆದರೆ ಅರವತ್ತು ವರ್ಷ ಹಳೆಯ ಕಪ್ಪು ಬಿಳುಪು ಚಿತ್ರವೊಂದರ ಡಿಸ್ಕಿಗೆ ಬೀಗ ಹಾಕಿದಾಗ ಯಾವ ಚಿತ್ರಮಂದಿರವನ್ನು ಕಾಪಾಡಿದಂತಾಯಿತು? ಎಷ್ಟೋ ಹಳೆಯ ಚಿತ್ರಗಳ ಒಳ್ಳೆಯ ಪ್ರತಿ ಯಾವುದೋ ಒಂದು ವಲಯದಲ್ಲಿ ಮಾತ್ರ ಹೊರಬಂದಿದೆ. ಉಳಿದ ವಲಯಗಳವರಿಗೆ ಅದು ತಡವಾಗಿ ಬರುತ್ತದೆ ಎಂದೇನಲ್ಲ, ಬರುವುದೇ ಇಲ್ಲ. ಚಿತ್ರರಂಗದ ಇತಿಹಾಸ ಓದುವವರಿಗೆ, ಭಾಷೆ ಕಲಿಯುವವರಿಗೆ, ತಾಯ್ನಾಡಿನಿಂದ ದೂರ ಬಂದು ನೆಲೆಸಿದವರಿಗೆ ಈ ಬೈಟ್ ನಿಜವಾದ ನಷ್ಟ ಮಾಡಿದೆ.

ಸರಿ, ಪ್ಲೇಯರ್ ಈ ಬೈಟಿನ ಮಾತನ್ನು ಯಾಕೆ ಕೇಳಬೇಕು? ತಯಾರಕ ಅದನ್ನು ಕಡೆಗಣಿಸಬಹುದಲ್ಲವೇ? ಈ ಪ್ರಶ್ನೆಯಲ್ಲಿಯೇ ಇಡೀ ವ್ಯವಸ್ಥೆಯ ಗುಟ್ಟು ಅಡಗಿದೆ. ವಲಯ ಸಂಕೇತಕ್ಕೆ ಸ್ವಂತ ಬಲವಿಲ್ಲ; ಅದು ಬರಿಯ ಗುರುತು. ಬಲ ಕೊಡುವುದು ಪಕ್ಕದಲ್ಲಿ ನಿಂತಿರುವ ಇನ್ನೊಂದು ವ್ಯವಸ್ಥೆ, ಸಿಎಸ್‌ಎಸ್ ಎಂಬ ಗೂಢಲಿಪಿ. ವಾಣಿಜ್ಯ ಚಿತ್ರಗಳ ಡಿಸ್ಕಿನಲ್ಲಿ ದೃಶ್ಯದ ಮಾಹಿತಿಯನ್ನು 40 ಬಿಟ್‌ಗಳ ಕೀಲಿಯಿಂದ ಕಲಸಿಟ್ಟಿರುತ್ತಾರೆ. ಅದನ್ನು ಬಿಡಿಸುವ ಕೀಲಿ ಬೇಕಾದರೆ ತಯಾರಕರು ಪರವಾನಗಿ ಪಡೆಯಬೇಕು, ಆ ಪರವಾನಗಿಯ ಷರತ್ತುಗಳಲ್ಲಿ ವಲಯ ಸಂಕೇತವನ್ನು ಪಾಲಿಸುವುದೂ ಒಂದು. ಅಂದರೆ ಗಡಿ ಕಾಯುತ್ತಿರುವುದು ಒಂದು ಕರಾರುಪತ್ರ.

1999ರಲ್ಲಿ ಆ ಗೂಢಲಿಪಿ ಮುರಿದುಬಿತ್ತು. 40 ಬಿಟ್ ಎಂಬುದೇ ಚಿಕ್ಕ ಕೀಲಿ. ವಿನ್ಯಾಸದ ದೋಷಗಳಿಂದಾಗಿ ಅದರ ಬಲ ಇನ್ನೂ ಕುಗ್ಗಿತ್ತು. ಡಿಸಿಎಸ್‌ಎಸ್ ಎಂಬ ಸಣ್ಣ ತಂತ್ರಾಂಶ ಹೊರಬಂದಾಗ ಅದರ ಹಿಂದಿದ್ದವರಲ್ಲಿ ಒಬ್ಬನಾದ ನಾರ್ವೆಯ ಹದಿಹರೆಯದ ಯುವಕ ಯೋನ್ ಲೆಕ್ ಯೋಹಾನ್ಸೆನ್ ಮೇಲೆ ಮೊಕದ್ದಮೆ ಹೂಡಲಾಯಿತು. 2003ರ ಜನವರಿಯಲ್ಲಿ ಓಸ್ಲೋ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮೇಲ್ಮನವಿಯೂ ಬಿದ್ದುಹೋಯಿತು. ನ್ಯಾಯವಾಗಿ ಕೊಂಡ ಡಿಸ್ಕನ್ನು ನೋಡುವುದು ಕೊಂಡವನ ಹಕ್ಕು ಎಂಬುದು ಆ ತೀರ್ಪಿನ ತಿರುಳು. ಅಮೆರಿಕದ 1998ರ ಕಾನೂನು ಬೇರೆ ದಾರಿ ಹಿಡಿದಿತ್ತು. ಅಲ್ಲಿ ರಕ್ಷಣೆಯ ಬೀಗ ಮುರಿಯುವುದನ್ನೇ ನಿಷೇಧಿಸಲಾಯಿತು. ಆಸ್ಟ್ರೇಲಿಯಾ 2006ರಲ್ಲಿ, ನ್ಯೂಜಿಲೆಂಡ್ 2008ರಲ್ಲಿ ತಮ್ಮ ಕೃತಿಸ್ವಾಮ್ಯ ಕಾನೂನನ್ನು ತಿದ್ದಿದಾಗ, ಮಾರುಕಟ್ಟೆಯನ್ನು ಭೌಗೋಳಿಕವಾಗಿ ಒಡೆಯುವ ಇಂಥ ತಡೆಗಳನ್ನು ರಕ್ಷಿತ ಬೀಗಗಳ ವ್ಯಾಖ್ಯೆಯಿಂದ ಹೊರಗಿಟ್ಟವು. ಒಂದೇ ಬೈಟಿಗೆ ಒಂದೊಂದು ನೆಲದಲ್ಲಿ ಒಂದೊಂದು ಅರ್ಥ. ಆದ್ದರಿಂದ ಯಾವ ಉಪಾಯಕ್ಕೆ ಕೈ ಹಾಕುವ ಮೊದಲೂ ನಿಮ್ಮ ದೇಶದ ಕಾನೂನು ಏನು ಹೇಳುತ್ತದೆ ಎಂದು ನೋಡಿಕೊಳ್ಳಬೇಕು.

ಕಂಪ್ಯೂಟರಿನ ಡ್ರೈವ್‌ಗಳ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಹೆಚ್ಚು ಜನ ಎಡವುವುದು ಇಲ್ಲಿ. ಮೊದಮೊದಲು ವಲಯ ಪರೀಕ್ಷೆ ತಂತ್ರಾಂಶದ ಕೆಲಸವಾಗಿತ್ತು. 2000ದ ಜನವರಿ 1ರಿಂದ ತಯಾರಾದ ಡ್ರೈವ್‌ಗಳಲ್ಲಿ ಆ ಪರೀಕ್ಷೆಯನ್ನು ಡ್ರೈವ್‌ನ ಒಳಗೇ ಕೂರಿಸಿದರು. ಬಳಕೆದಾರ ಐದು ಸಲ ವಲಯ ನಿಗದಿ ಮಾಡಬಹುದು. ಐದನೆಯ ಸಲ ಯಾವ ವಲಯ ಇಟ್ಟಿರೋ ಅದೇ ಶಾಶ್ವತ. ಈ ಎಣಿಕೆ ಇರುವುದು ಡ್ರೈವ್‌ನದೇ ಸ್ಮೃತಿಯಲ್ಲಿ. ಹೀಗಾಗಿ ಕಂಪ್ಯೂಟರಿನ ತಂತ್ರಾಂಶವನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದರೂ, ಡ್ರೈವನ್ನೇ ಬಿಚ್ಚಿ ಬೇರೆ ಯಂತ್ರಕ್ಕೆ ಜೋಡಿಸಿದರೂ ಎಣಿಕೆ ಹಿಂದಕ್ಕೆ ಹೋಗುವುದಿಲ್ಲ. ತಯಾರಕರಿಗೆ ಮಾತ್ರ ಅದನ್ನು ನಾಲ್ಕು ಸಲ ಮರಳಿ ಹೊಂದಿಸಲು ಅವಕಾಶವಿತ್ತು. ಪರದೆಯ ಮೇಲೆ ‘ವಲಯ ಬದಲಿಸಬೇಕೇ’ ಎಂಬ ಪ್ರಶ್ನೆ ಬಂದಾಗ ಚಿತ್ರ ನೋಡುವ ಆತುರದಲ್ಲಿ ಹೌದು ಎಂದು ಒತ್ತಿಬಿಡುತ್ತೇವೆ. ನಾಳೆ ಇನ್ನೊಂದು ಡಿಸ್ಕಿಗಾಗಿ ಹಿಂದಕ್ಕೆ ಬದಲಿಸುತ್ತೇವೆ. ಎರಡೂವರೆ ಸುತ್ತಿಗೆ ಲೆಕ್ಕ ಮುಗಿಯಿತು. ಡ್ರೈವ್‌ನ ವಿವರಗಳ ಪುಟದಲ್ಲಿ ಇನ್ನೆಷ್ಟು ಬದಲಾವಣೆ ಉಳಿದಿದೆ ಎಂಬುದು ಬರೆದಿರುತ್ತದೆ. ಅದನ್ನು ನೋಡದೆ ಒತ್ತಬೇಡಿ.

ನಾನು ಎಲ್ಲರಿಗೂ ಹೇಳುವ ಉಪಾಯ ತುಂಬ ಸರಳ. ಎರಡು ವಲಯಗಳ ಡಿಸ್ಕ್‌ಗಳಿದ್ದರೆ ಎರಡು ಡ್ರೈವ್ ಇಟ್ಟುಕೊಳ್ಳಿ. ಯುಎಸ್‌ಬಿಗೆ ಸಿಕ್ಕಿಸುವ ಹೊರಗಿನ ಡ್ರೈವ್ ದೊಡ್ಡ ವೆಚ್ಚದ್ದಲ್ಲ. ಒಂದನ್ನು ಒಂದು ವಲಯಕ್ಕೆ, ಇನ್ನೊಂದನ್ನು ಇನ್ನೊಂದಕ್ಕೆ ನಿಗದಿ ಮಾಡಿ, ಮೇಲೆ ಚೀಟಿ ಅಂಟಿಸಿ ಮರೆತುಬಿಡಿ. ಇದರಲ್ಲಿ ಯಾವ ಬೀಗವನ್ನೂ ಮುರಿಯುವುದಿಲ್ಲ, ಯಾವ ಕಾನೂನಿಗೂ ಎದುರಾಗುವುದಿಲ್ಲ. ದೂರದರ್ಶನದ ಪಕ್ಕದಲ್ಲಿಡುವ ಪ್ಲೇಯರ್ ಆದರೆ ಎಲ್ಲ ವಲಯಗಳನ್ನೂ ಒಪ್ಪುವಂಥದ್ದನ್ನೇ ಕೇಳಿ ಕೊಳ್ಳಬಹುದು. ಹಲವು ಪ್ಲೇಯರ್‌ಗಳಲ್ಲಿ ರಿಮೋಟಿನ ಅಂಕಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ತಯಾರಕರೇ ಇಟ್ಟ ಗುಪ್ತ ಪಟ್ಟಿ ತೆರೆದು ವಲಯ ಬದಲಾಗುವುದುಂಟು. ಒಂದೇ ಯಂತ್ರವನ್ನು ತಯಾರಿಸಿ, ಸಾಗಿಸುವ ಮೊದಲು ದೇಶಕ್ಕೆ ತಕ್ಕ ವಲಯ ತುಂಬುವುದು ಕಾರ್ಖಾನೆಗೆ ಸುಲಭವಾದ್ದರಿಂದ ಆ ಪಟ್ಟಿ ಅಲ್ಲಿ ಉಳಿದಿರುತ್ತದೆ.

ಇಂಥ ಪ್ಲೇಯರ್‌ಗಳು ಹೆಚ್ಚಾದಾಗ ಕೆಲವು ಸ್ಟುಡಿಯೋಗಳು 2000ದ ಸುಮಾರಿಗೆ ಮರುಪಟ್ಟು ಹಾಕಿದವು. ಡಿಸ್ಕಿನಲ್ಲಿ ಒಂದು ಪುಟ್ಟ ಪ್ರೋಗ್ರಾಂ ಇಟ್ಟು, ‘ನೀನು ಯಾವ ವಲಯದವನು’ ಎಂದು ಪ್ಲೇಯರನ್ನೇ ಕೇಳಿಸಿದವು. ‘ನಾನು ಎಲ್ಲ ವಲಯಗಳವನು’ ಎಂದು ಉತ್ತರಿಸಿದ ಪ್ಲೇಯರ್‌ಗೆ ಪ್ರಪಂಚದ ನಕ್ಷೆಯೊಂದು ಕಾಣಿಸಿ ಚಿತ್ರ ನಿಂತುಹೋಗುತ್ತಿತ್ತು. ಡಿಸ್ಕಿಗೆ ತಕ್ಕಂತೆ ಒಂದೇ ವಲಯದ ಹೆಸರು ಹೇಳುವ ಪ್ಲೇಯರ್ ಮಾತ್ರ ಆ ಪರೀಕ್ಷೆಯನ್ನು ದಾಟುತ್ತಿತ್ತು.

ವಲಯದ ಬೀಗ ತೆರೆದರೂ ಚಿತ್ರ ನಡುಗುತ್ತಿದ್ದರೆ, ಬಣ್ಣ ಕಳೆದುಕೊಂಡಿದ್ದರೆ, ಅದು ಬೇರೆಯದೇ ತೊಡಕು. ಹಳೆಯ ದೂರದರ್ಶನ ಪದ್ಧತಿಗಳಾದ ಪಾಲ್ ಮತ್ತು ಎನ್‌ಟಿಎಸ್‌ಸಿಗಳ ನೆರಳು ಡಿವಿಡಿಯ ಮೇಲೂ ಬಿದ್ದಿದೆ. ಪಾಲ್ ಡಿಸ್ಕಿನ ಚಿತ್ರದಲ್ಲಿ 576 ಸಾಲುಗಳು, ಸೆಕೆಂಡಿಗೆ 25 ಫ್ರೇಮ್‌ಗಳು. ಎನ್‌ಟಿಎಸ್‌ಸಿಯಲ್ಲಿ 480 ಸಾಲುಗಳು, ಸುಮಾರು 30 ಫ್ರೇಮ್‌ಗಳು. ಜಪಾನ್ ಮತ್ತು ಬ್ರಿಟನ್ ಎರಡೂ ಎರಡನೇ ವಲಯದಲ್ಲಿವೆ, ಆದರೆ ಜಪಾನಿನ ಡಿಸ್ಕ್ ಎನ್‌ಟಿಎಸ್‌ಸಿ, ಬ್ರಿಟನ್ನಿನದು ಪಾಲ್. ವಲಯ ಹೊಂದಿದರೂ ಪದ್ಧತಿ ಹೊಂದದಿರುವುದು ಹೀಗೆ. ಇಂದಿನ ಬಹುತೇಕ ದೂರದರ್ಶನ ಪರದೆಗಳು ಎರಡನ್ನೂ ಅರಗಿಸಿಕೊಳ್ಳುತ್ತವೆ.

ಪಾಲ್ ಡಿಸ್ಕಿನ ಒಂದು ಗುಣ ಸಂಗೀತ ಬಲ್ಲವರ ಕಿವಿಗೆ ಬೀಳುತ್ತದೆ. ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ ತೆಗೆದ ಚಿತ್ರವನ್ನು 25ರ ವೇಗದಲ್ಲಿ ಓಡಿಸಿದಾಗ 100 ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿಯುತ್ತದೆ. ಧ್ವನಿಯನ್ನು ಸರಿಪಡಿಸದೆ ಬಿಟ್ಟರೆ ಶ್ರುತಿಯೂ ಮೇಲೇರುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ದೂರವನ್ನು ಹತ್ತು ಪಾಲು ಮಾಡಿದರೆ ಅದರಲ್ಲಿ ಏಳು ಪಾಲಿನಷ್ಟು. ಹಾಡು ಪ್ರಧಾನವಾದ ಚಿತ್ರವನ್ನು ಎರಡೂ ಬಗೆಯ ಡಿಸ್ಕಿನಲ್ಲಿ ಒಂದರ ಹಿಂದೊಂದು ಕೇಳಿದರೆ ಗಾಯಕರ ಕಂಠ ಬೇರೆಯಾದಂತೆ ತೋರುತ್ತದೆ.

2006ರಲ್ಲಿ ಬಂದ ಬ್ಲೂ-ರೇ ಡಿಸ್ಕ್ 405 ನ್ಯಾನೋಮೀಟರ್‌ನ ನೇರಳೆ ಲೇಸರ್ ಬಳಸಿ, ಒಂದು ಪದರಕ್ಕೆ 25 ಗಿಗಾಬೈಟ್ ತುಂಬಿತು. ವಲಯಗಳು ಮೂರಕ್ಕೆ ಇಳಿದವು. ಎ ವಲಯದಲ್ಲಿ ಅಮೆರಿಕ ಖಂಡಗಳು, ಜಪಾನ್, ಕೊರಿಯಾ ಮತ್ತು ಆಗ್ನೇಯ ಏಷ್ಯಾ. ಬಿಯಲ್ಲಿ ಯೂರೋಪ್, ಆಫ್ರಿಕಾ, ಮಧ್ಯಪ್ರಾಚ್ಯ, ಆಸ್ಟ್ರೇಲಿಯಾ. ಸಿಯಲ್ಲಿ ಭಾರತ, ಚೀನಾ, ರಷ್ಯಾ. ಇಲ್ಲಿ ಡ್ರೈವ್‌ಗೆ ಕಾವಲಿನ ಕೆಲಸವಿಲ್ಲ. ಡಿಸ್ಕಿನಲ್ಲಿರುವ ಪ್ರೋಗ್ರಾಂ ಪ್ಲೇಯರಿನ ವಲಯವನ್ನು ಕೇಳಿ ತಾನೇ ತೀರ್ಮಾನಿಸುತ್ತದೆ. ಕೇಳಬೇಕೋ ಬೇಡವೋ ಎಂಬುದು ಪ್ರಕಾಶಕರ ಇಚ್ಛೆ. ಕೇಳದೆ ಬಿಟ್ಟ ಡಿಸ್ಕ್‌ಗಳು ಎಷ್ಟೋ ಇವೆ. ಪೆಟ್ಟಿಗೆಯ ಹಿಂಬದಿಯ ಗುರುತನ್ನಷ್ಟೇ ನಂಬಬೇಡಿ, ಅದೇ ಆವೃತ್ತಿಯನ್ನು ಕೊಂಡು ನೋಡಿದವರನ್ನು ಕೇಳುವುದು ಮೇಲು.

2016ರಲ್ಲಿ ಅಲ್ಟ್ರಾ ಎಚ್‌ಡಿ ಬ್ಲೂ-ರೇ ಬಂದಾಗ ವಲಯ ಸಂಕೇತವನ್ನೇ ಕೈಬಿಟ್ಟರು. ಅಷ್ಟು ಹೊತ್ತಿಗೆ ದೊಡ್ಡ ಚಿತ್ರಗಳು ಎಲ್ಲ ದೇಶಗಳಲ್ಲೂ ಹೆಚ್ಚುಕಡಿಮೆ ಒಂದೇ ವಾರ ತೆರೆ ಕಾಣುತ್ತಿದ್ದವು, ಫಿಲ್ಮ್ ಸುರುಳಿಗಳ ಓಡಾಟ ಬಹುಮಟ್ಟಿಗೆ ನಿಂತಿತ್ತು. ಆ ಬಗೆಯ ಡಿಸ್ಕನ್ನು ಯಾವ ದೇಶದಿಂದ ತರಿಸಿದರೂ ಅಲ್ಟ್ರಾ ಎಚ್‌ಡಿ ಪ್ಲೇಯರ್‌ನಲ್ಲಿ ನಡೆಯುತ್ತದೆ. ಪೆಟ್ಟಿಗೆ ತೆರೆದಾಗ ಮಾತ್ರ ಒಂದನ್ನು ಗಮನಿಸಬೇಕು. ಅದರಲ್ಲಿ ಅನೇಕ ಸಲ ಎರಡು ಡಿಸ್ಕ್‌ಗಳಿರುತ್ತವೆ: ಒಂದು ಅಲ್ಟ್ರಾ ಎಚ್‌ಡಿ, ಇನ್ನೊಂದು ಅದೇ ಚಿತ್ರದ ಸಾಮಾನ್ಯ ಬ್ಲೂ-ರೇ. ಚಿತ್ರೀಕರಣದ ಹಿನ್ನೆಲೆಯ ತುಣುಕುಗಳು, ನಿರ್ದೇಶಕರ ಮಾತುಗಳು ಎಷ್ಟೋ ಬಾರಿ ಎರಡನೆಯದರಲ್ಲಿ ಮಾತ್ರ ಇರುತ್ತವೆ, ಮತ್ತು ಆ ಎರಡನೆಯ ಡಿಸ್ಕಿಗೆ ವಲಯದ ಬೀಗ ಇನ್ನೂ ಇರಬಹುದು.