446 ಬೈಟ್‌ಗಳ ಹಳೇ ಭಯ

ವಿಂಡೋಸ್ ಇರುವ ಕಂಪ್ಯೂಟರ್‌ಗೆ ಲಿನಕ್ಸ್ ಕೂಡ ಹಾಕಿಕೊಳ್ಳಿ ಎಂದು ಯಾರಿಗಾದರೂ ಹೇಳಿ ನೋಡಿ. "ಬೇಡಪ್ಪ, ಇರೋದೂ ಹೋಗಿಬಿಡುತ್ತೆ" ಎಂಬ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತದೆ. ಹೇಳುವವರು ಕಂಪ್ಯೂಟರ್ ಅರಿಯದವರೇನೂ ಅಲ್ಲ. ಒಂದೇ ಡಿಸ್ಕ್‌ನಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಇಟ್ಟರೆ ಒಂದು ಇನ್ನೊಂದನ್ನು ನುಂಗುತ್ತದೆ ಎಂಬ ನಂಬಿಕೆ ರಾಹುಕಾಲದಷ್ಟೇ ಗಟ್ಟಿಯಾಗಿ ಬೇರೂರಿದೆ. ವ್ಯತ್ಯಾಸವೆಂದರೆ, ಈ ನಂಬಿಕೆಗೆ ಒಂದು ಕಾಲದಲ್ಲಿ ನಿಜವಾದ ಕಾರಣವಿತ್ತು. ಆ ಕಾರಣದ ಗಾತ್ರ 446 ಬೈಟ್.

ಕಂಪ್ಯೂಟರ್ ಶುರುವಾದೊಡನೆ ಮೊದಲು ಓಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ ಬಯೋಸ್. ಹಳೆಯ ಬಯೋಸ್‌ಗೆ ಫೈಲ್, ಫೋಲ್ಡರ್ ಎಂದರೇನೆಂದೇ ತಿಳಿಯದು. ಸ್ವಿಚ್ ಒತ್ತಿದಾಗ ಅದು ಡಿಸ್ಕ್‌ನ ಮೊಟ್ಟಮೊದಲ ಸೆಕ್ಟರ್, ಅಂದರೆ 512 ಬೈಟ್‌ಗಳನ್ನು ಕಣ್ಣುಮುಚ್ಚಿ ಮೆಮೊರಿಗೆ ಎತ್ತಿಕೊಳ್ಳುತ್ತದೆ. ಕೊನೆಯ ಎರಡು ಬೈಟ್ 55 ಮತ್ತು ಎಎ ಎಂಬ ಸಹಿ ಆಗಿದ್ದರೆ ಸರಿ, ಆರಂಭದಲ್ಲಿರುವ ಸೂಚನೆಗಳನ್ನು ನಡೆಸಲು ಬಿಟ್ಟು ತಾನು ಬದಿಗೆ ಸರಿಯುತ್ತದೆ. ಈ ಸೆಕ್ಟರ್‌ನ ಹೆಸರು ಮಾಸ್ಟರ್ ಬೂಟ್ ರೆಕಾರ್ಡ್. 1983ರಲ್ಲಿ ಐಬಿಎಂ ತನ್ನ ಪಿಸಿ ಎಕ್ಸ್‌ಟಿಯನ್ನು 10 ಮೆಗಾಬೈಟ್ ಹಾರ್ಡ್ ಡಿಸ್ಕ್ ಸಮೇತ ತಂದಾಗ, ಜತೆಗೆ ಬಂದ ಪಿಸಿ ಡಾಸ್ 2.0 ಹುಟ್ಟುಹಾಕಿದ ಏರ್ಪಾಟು ಇದು. 512ರಲ್ಲಿ ಸಹಿಗೆ ಎರಡು ಬೈಟ್ ಹೋಯಿತು. ಡಿಸ್ಕ್‌ನ ಭಾಗಗಳಾದ ಪಾರ್ಟಿಷನ್‌ಗಳ ಪಟ್ಟಿಗೆ 64 ಬೈಟ್, ಒಂದೊಂದಕ್ಕೆ 16ರಂತೆ. ಪ್ರೈಮರಿ ಪಾರ್ಟಿಷನ್ ನಾಲ್ಕೇ ಇರಬೇಕೆಂದು ನಮ್ಮನ್ನು ವರ್ಷಗಟ್ಟಲೆ ಕಾಡಿದ್ದು ಇದೇ ಭಾಗಾಕಾರ. ಆ 16 ಬೈಟ್‌ಗಳೊಳಗೆ ಸೆಕ್ಟರ್ ಸಂಖ್ಯೆಗೆ ಸಿಕ್ಕ ಜಾಗ 32 ಬಿಟ್. ದೊಡ್ಡ ಡಿಸ್ಕ್‌ಗಳು ಎರಡು ಟೆರಾಬೈಟ್ ಆಚೆಗೆ ಕಾಣದೆ ಹೋಗುತ್ತಿದ್ದುದು ಅದರಿಂದ.

ಉಳಿದ 446 ಬೈಟ್‌ಗಳಲ್ಲಿ ಕಂಪ್ಯೂಟರನ್ನು ಎಬ್ಬಿಸುವ ಪ್ರೋಗ್ರಾಂ ಇರಬೇಕು. ಯುನಿಕೋಡ್‌ನಲ್ಲಿ ಬರೆದರೆ ಕನ್ನಡದ ಎರಡು ಮೂರು ಸಾಲಿಗೂ ಸಾಲದ ಜಾಗ. ಲಿನಕ್ಸನ್ನು ಎಬ್ಬಿಸುವ ಬೂಟ್‌ಲೋಡರ್ ಗ್ರಬ್ ತನ್ನ ಒಂದು ತುಣುಕನ್ನಷ್ಟೇ ಇಲ್ಲಿ ಇಟ್ಟು, ಉಳಿದದ್ದನ್ನು ಮೊದಲ ಪಾರ್ಟಿಷನ್‌ಗೂ ಮುಂಚಿನ ಖಾಲಿ ಸಂದಿಯಲ್ಲಿ ತುರುಕುತ್ತಿತ್ತು. ಸಮಸ್ಯೆ ಇದೇ: ಕುರ್ಚಿ ಒಂದು, ಕೂರುವವರು ಇಬ್ಬರು. ಕೊನೆಯಲ್ಲಿ ಬಂದವನದೇ ಕುರ್ಚಿ. ಲಿನಕ್ಸ್ ಇದ್ದ ಯಂತ್ರಕ್ಕೆ ವಿಂಡೋಸ್ ಮತ್ತೆ ಹಾಕಿದಿರೋ, ಅದು ಕೇಳದೆ ಹೇಳದೆ ಗ್ರಬ್ ತುಣುಕಿನ ಮೇಲೆ ತನ್ನದನ್ನು ಬರೆಯುತ್ತಿತ್ತು. ಇನ್ನೊಂದು ಕಡೆಯಿಂದ, ಲಿನಕ್ಸ್ ಸಾಕೆಂದು ವಿಂಡೋಸ್ ಒಳಗಿಂದ ಆ ಪಾರ್ಟಿಷನ್ ಅಳಿಸಿದವರಿಗೆ ಮರುದಿನ ಕಪ್ಪು ಪರದೆಯ ಮೇಲೆ "ಗ್ರಬ್ ರೆಸ್ಕ್ಯೂ" ಎಂಬ ಸಾಲು ಮಾತ್ರ ಕಾಣುತ್ತಿತ್ತು. ಎರಡೂ ಸಂದರ್ಭಗಳಲ್ಲಿ ಉಳಿದ ಸಿಸ್ಟಂನ ಒಂದು ಫೈಲೂ ಕಳೆದಿರಲಿಲ್ಲ. ಕಳೆದದ್ದು ದಾರಿ. ಆದರೆ ಕಪ್ಪು ಪರದೆ ಕಂಡವನಿಗೆ ಈ ಸೂಕ್ಷ್ಮ ಯಾರು ಹೇಳಬೇಕು? ಸುದ್ದಿ ಹರಡಿದ್ದು "ಎಲ್ಲಾ ಹೋಯ್ತು" ಎಂದೇ.

ಈಗಿನ ಯಂತ್ರಗಳಲ್ಲಿ ಆ ವ್ಯವಸ್ಥೆ ಬಹುಮಟ್ಟಿಗೆ ಮರೆಯಾಗಿದೆ. 2021ರಲ್ಲಿ ಬಂದ ವಿಂಡೋಸ್ 11 ಅಧಿಕೃತವಾಗಿ ಬಯೋಸ್‌ನ ಉತ್ತರಾಧಿಕಾರಿಯಾದ ಯುಇಎಫ್‌ಐ ಇರುವ ಯಂತ್ರವನ್ನೇ ಕೇಳುತ್ತದೆ. ಈ ಹೊಸ ಫರ್ಮ್‌ವೇರ್‌ಗೆ ಫೈಲ್ ಓದಲು ಬರುತ್ತದೆ. ಡಿಸ್ಕ್‌ನಲ್ಲಿ ಇಎಫ್‌ಐ ಸಿಸ್ಟಂ ಪಾರ್ಟಿಷನ್ ಎಂಬ ಸಣ್ಣ ಭಾಗವಿರುತ್ತದೆ, ಫ್ಯಾಟ್ ಎಂಬ ಸರಳ ಫೈಲ್ ವ್ಯವಸ್ಥೆಯದು. ಅದನ್ನು ತೆರೆದರೆ "ಇಎಫ್‌ಐ" ಫೋಲ್ಡರ್, ಅದರೊಳಗೆ "ಮೈಕ್ರೋಸಾಫ್ಟ್" ಎಂದೊಂದು, "ಉಬುಂಟು" ಎಂದೊಂದು, "ಬೂಟ್" ಎಂದೊಂದು. ಪ್ರತಿಯೊಂದರಲ್ಲೂ ಅವರವರ ಬೂಟ್‌ಲೋಡರ್ ಮಾಮೂಲಿ ಫೈಲಾಗಿ ಕೂತಿರುತ್ತದೆ. ಯಾವುದನ್ನು ಮೊದಲು ಓಡಿಸಬೇಕೆಂಬ ಸರದಿ ಮದರ್‌ಬೋರ್ಡ್‌ನ ಮೆಮೊರಿಯಲ್ಲಿದೆ. ವಿಂಡೋಸ್ ಅಪ್‌ಡೇಟ್ ಆದಮೇಲೆ ಕೆಲವೊಮ್ಮೆ ಲಿನಕ್ಸ್ ಮಾಯವಾದಂತೆ ಕಾಣುವುದುಂಟು. ಹೆಚ್ಚಿನ ಪಾಲು ಅದು ಸರದಿ ಅದಲುಬದಲಾದದ್ದು ಅಷ್ಟೆ. ಫರ್ಮ್‌ವೇರ್ ಸೆಟಪ್‌ಗೆ ಹೋಗಿ ಉಬುಂಟುವನ್ನು ಮೇಲಕ್ಕೆ ತಂದರೆ ಮುಗಿಯಿತು. ಮತ್ತೆ ಇನ್‌ಸ್ಟಾಲ್ ಮಾಡಲು ಕೂರಬೇಡಿ.

ಹಾಗಾದರೆ ಇಂದು ಎಡವುವುದೆಲ್ಲಿ? ಬೂಟ್ ಮೆನುವಿನಲ್ಲಿ ಲಿನಕ್ಸ್ ಹಾಕಲು ಸಿದ್ಧಪಡಿಸಿದ ಒಂದೇ ಪೆನ್‌ಡ್ರೈವ್ ಎರಡು ಸಲ ಕಂಡರೆ "ಯುಇಎಫ್‌ಐ" ಎಂದು ಬರೆದಿರುವುದನ್ನೇ ಆರಿಸಿ. ಇನ್ನೊಂದು ಹಳೇ ಬಯೋಸ್ ರೀತಿಯದು. ಅದರಿಂದ ಹಾಕಿದ ಲಿನಕ್ಸ್‌ಗೂ ಯುಇಎಫ್‌ಐ ರೀತಿಯ ವಿಂಡೋಸ್‌ಗೂ ಪರಸ್ಪರ ಪರಿಚಯವಾಗುವುದಿಲ್ಲ. ಪಾರ್ಟಿಷನ್‌ಗಳನ್ನು ಕೈಯಾರೆ ಹಂಚುವವರಾದರೆ ಇಎಫ್‌ಐ ಪಾರ್ಟಿಷನ್ ಮುಂದಿನ "ಫಾರ್ಮ್ಯಾಟ್" ಟಿಕ್ ಖಾಲಿ ಇದೆಯೇ ಎಂದು ಎರಡೆರಡು ಸಲ ನೋಡಿ. ಇರುವುದನ್ನೇ ಬಳಸಬೇಕು, ಅಳಿಸಬಾರದು. ಇಲ್ಲಿ ಟಿಕ್ ಹಾಕಿದರೆ ವಿಂಡೋಸ್‌ನ ಬೂಟ್‌ಲೋಡರ್ ಅಳಿಸಿಹೋಗಿ ಅದು ಏಳದಂತಾಗುತ್ತದೆ, ಆ ಹಳೇ ಭಯ ಮರುಕಳಿಸುತ್ತದೆ. ವಿಂಡೋಸ್ ಪಾರ್ಟಿಷನ್ ಕುಗ್ಗಿಸುವ ಕೆಲಸವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ಗೇ ಬಿಡುವುದು ಕ್ಷೇಮ. ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಬಿಡಿ. ಅದು ಆನ್ ಇದ್ದರೆ ವಿಂಡೋಸ್ "ಶಟ್‌ಡೌನ್" ಎಂದು ಹೇಳಿ ಅರೆನಿದ್ದೆಗೆ ಜಾರುತ್ತದೆ, ಆಮೇಲೆ ಲಿನಕ್ಸ್‌ನಿಂದ ಆ ಪಾರ್ಟಿಷನ್‌ಗೆ ಬರೆಯಲು ಆಗದೆ ನೀವು ಪರ್ಮಿಷನ್ ಹುಡುಕುತ್ತಾ ಕೂರುತ್ತೀರಿ. ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀಯನ್ನು ಬೇರೆಡೆ ಬರೆದಿಟ್ಟುಕೊಳ್ಳುವವರೆಗೆ ಫರ್ಮ್‌ವೇರ್‌ನಲ್ಲಿ ಏನನ್ನೂ ಮುಟ್ಟಬೇಡಿ.

ಸಹಿ ಇರುವ ಬೂಟ್ ಪ್ರೋಗ್ರಾಂಗಳನ್ನಷ್ಟೇ ಓಡಲು ಬಿಡುವ ಸೆಕ್ಯೂರ್ ಬೂಟ್ ಆಫ್ ಮಾಡಲೇಬೇಕು ಎನ್ನುವುದು ಇನ್ನೊಂದು ಮೂಢನಂಬಿಕೆ. ಉಬುಂಟು, ಫೆಡೋರಾ, 2019ರಿಂದೀಚೆಗೆ ಡೆಬಿಯನ್, ಎಲ್ಲವೂ ಅದು ಆನ್ ಇದ್ದಾಗಲೂ ಏಳುತ್ತವೆ. ಎನ್‌ವಿಡಿಯಾ ಡ್ರೈವರ್‌ನಂಥ ಹೊರಗಿನ ಮಾಡ್ಯೂಲ್ ಹಾಕುವಾಗ ಮಾತ್ರ ಇನ್‌ಸ್ಟಾಲರ್ ಒಂದು ಪಾಸ್‌ವರ್ಡ್ ಕೇಳಬಹುದು. ರೀಬೂಟ್ ಆದಾಗ ನೀಲಿ ಪರದೆಯೊಂದು ಬಂದು ಹತ್ತು ಸೆಕೆಂಡ್ ಎಣಿಸುತ್ತದೆ. ಯಾವುದಾದರೂ ಕೀ ಒತ್ತಿ, ಆ ಪಾಸ್‌ವರ್ಡ್ ಕೊಟ್ಟು ಆ ಮಾಡ್ಯೂಲ್‌ಗೆ ಸಹಿ ಹಾಕಿದ ಕೀಲಿಯನ್ನು ನೋಂದಾಯಿಸಬೇಕು. ನೀಲಿ ಕಂಡೊಡನೆ ಕ್ರ್ಯಾಶ್ ಎಂದು ಹೆದರಿ ಸುಮ್ಮನಿದ್ದರೆ ಎಣಿಕೆ ಮುಗಿದು ಯಂತ್ರ ಎಂದಿನಂತೆ ಏಳುತ್ತದೆ. ಡ್ರೈವರ್ ಏಳುವುದಿಲ್ಲ. ಬೈಗುಳ ಲಿನಕ್ಸ್‌ಗೆ.

ಬಳಕೆದಾರರ ಫೈಲುಗಳಿರುವ ಹೋಮ್ ಪಾರ್ಟಿಷನ್ ಪ್ರತ್ಯೇಕವಾಗಿಡಿ ಎಂಬ ಹಳೇ ಸಲಹೆ ಈಗಲೂ ಒಳ್ಳೆಯದೇ. ಮುಂದೆ ಸಿಸ್ಟಂ ಬದಲಿಸಿದರೂ ಫೈಲುಗಳು ಇದ್ದಲ್ಲೇ ಇರುತ್ತವೆ. ಒಂದು ಎಚ್ಚರ ಬೇಕು: ಲಿನಕ್ಸ್ ಫೈಲಿನ ಒಡೆಯನನ್ನು ಗುರುತಿಸುವುದು ಹೆಸರಿನಿಂದಲ್ಲ, ಅಂಕಿಯಿಂದ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಮೊದಲ ಬಳಕೆದಾರನ ಅಂಕಿ 1000, ಎರಡನೆಯವರದು 1001. ಮನೆಯವರೆಲ್ಲ ಒಂದೇ ಯಂತ್ರ ಬಳಸುತ್ತಿದ್ದರೆ ಹೊಸ ಸಿಸ್ಟಂನಲ್ಲೂ ಖಾತೆಗಳನ್ನು ಹಳೆಯ ಕ್ರಮದಲ್ಲೇ ತೆರೆಯಿರಿ. ತಂಗಿಯ ಖಾತೆಯನ್ನು ಮೊದಲು ತೆರೆದರೆ ನಿಮ್ಮ ಫೈಲುಗಳೆಲ್ಲ ಅವಳವಾಗಿ ಕಾಣುತ್ತವೆ. ರ್‍ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗವಾದ ಸ್ವಾಪ್ ರ್‍ಯಾಮಿನ ಎರಡರಷ್ಟಿರಬೇಕು ಎಂಬ ಲೆಕ್ಕವನ್ನು ಮರೆತುಬಿಡಿ. ಅದು ರ್‍ಯಾಮ್ ಮೆಗಾಬೈಟ್‌ಗಳಲ್ಲಿದ್ದ ಕಾಲದ್ದು. ಹೈಬರ್ನೇಟ್ (ಮೆಮೊರಿಯನ್ನು ಡಿಸ್ಕ್‌ಗೆ ಉಳಿಸಿ ಯಂತ್ರ ಆರಿಸುವುದು) ಬೇಕೆಂದರೆ ರ್‍ಯಾಮಿನಷ್ಟು ಇಡಿ, ಬೇಡವೆಂದರೆ ಇನ್‌ಸ್ಟಾಲರ್ ಕೊಟ್ಟಷ್ಟೇ ಸಾಕು.

ಎಲ್ಲ ಸರಿಯಾಯಿತು ಎನ್ನುವಾಗ ಗಡಿಯಾರ ಕೈಕೊಡುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಹೋದರೆ ಹೊತ್ತು ಗಂಟೆಗಟ್ಟಲೆ ತಪ್ಪಿರುತ್ತದೆ. ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಮಾಸ್ ಬ್ಯಾಟರಿ ಹೋಗಿದೆಯೆಂದು ಹೊಸದು ಹಾಕಿಸುವವರಿದ್ದಾರೆ, ವೈರಸ್ ಎನ್ನುವವರೂ ಇದ್ದಾರೆ. ತಪ್ಪಿರುವ ಅವಧಿಯನ್ನು ನೋಡಿ. ಅದು ನಿಮ್ಮ ಸಮಯವಲಯಕ್ಕೂ ಜಾಗತಿಕ ಪ್ರಮಾಣಿತ ಸಮಯವಾದ ಯುಟಿಸಿಗೂ ಇರುವ ಅಂತರವೇ ಆಗಿದ್ದರೆ ಬ್ಯಾಟರಿ ನಿರಪರಾಧಿ. ಮದರ್‌ಬೋರ್ಡಿನ ಗಡಿಯಾರದಲ್ಲಿ ಇರುವುದು ಯುಟಿಸಿ ಎಂದು ಲಿನಕ್ಸ್ ಭಾವಿಸುತ್ತದೆ, ಸ್ಥಳೀಯ ಸಮಯ ಎಂದು ವಿಂಡೋಸ್. ಟೈಮ್‌ಡೇಟ್‌ಸಿಟಿಎಲ್ ಎಂಬ ಕಮ್ಯಾಂಡ್‌ನಿಂದ ಲಿನಕ್ಸ್‌ಗೆ ಸ್ಥಳೀಯ ಸಮಯವನ್ನೇ ಓದು ಎನ್ನಬಹುದು, ಆದರೆ ಹಾಗೆ ಮಾಡಿದರೆ ಅದು ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತದೆ. ವಿಂಡೋಸ್‌ಗೆ ರಿಜಿಸ್ಟ್ರಿಯ ಮೂಲಕ ಯುಟಿಸಿ ಕಲಿಸುವುದು ತುಸು ಕಷ್ಟ, ಆದರೂ ನನ್ನ ಮತ ಅದಕ್ಕೇ.