ಕೆಟ್ಟ ಹಾರ್ಡ್ ಡಿಸ್ಕ್ ಕೈಗೆ ಬಂದಾಗ: ಮೊದಲು ಕಾಪಿ, ಆಮೇಲೆ ಹುಡುಕಾಟ

ಮದುವೆ ಸೀಸನ್ ಬಂತೆಂದರೆ ತುಮಕೂರಿನ ಬಿ.ಎಚ್. ರಸ್ತೆಯ ಅಂಗಡಿಗಳಿಗೆ ಸ್ಟುಡಿಯೋದವರ ಹಾರ್ಡ್ ಡಿಸ್ಕ್‌ಗಳು ಬರುತ್ತವೆ. "ಸಾರ್, ಡಿಸ್ಕ್ ಹೋದ್ರೆ ಹೋಗ್ಲಿ, ಮುಹೂರ್ತದ ಫೋಟೋ ಹೆಂಗಾದ್ರೂ ತೆಗೆದುಕೊಡಿ" ಅಂತಾರೆ. ಅವರಿಗೆ ಬೇಕಿರುವುದು ಡೇಟಾ ಮಾತ್ರ. ಹಾರ್ಡ್‌ವೇರ್ ಕೋರ್ಸ್ ಮಾಡುತ್ತಿರುವ ನಾವು ಡಿಸ್ಕನ್ನು ಸರಿಮಾಡಲು ಹೊರಟು ಡೇಟಾ ಕಳೆಯುತ್ತೇವೆ. ಈ ಟಿಪ್ಪಣಿ ಪೂರ್ತಿ ಅದನ್ನು ತಪ್ಪಿಸುವ ಬಗ್ಗೆಯೇ.

ಪವರ್ ಕೊಡುವ ಮೊದಲು ಮಾಲೀಕರನ್ನು ಕೇಳಿ. ಕೆಳಗೆ ಬಿತ್ತಾ? ಕರೆಂಟ್ ಹೋಗಿ ಬಂದ ಮೇಲೆ ಹೀಗಾಯ್ತಾ? ಯಾರಾದರೂ ಆಗಲೇ ಏನಾದರೂ ಸಾಫ್ಟ್‌ವೇರ್ ಓಡಿಸಿದ್ರಾ? ಮೂರನೆಯದಕ್ಕೆ ಸಾಮಾನ್ಯವಾಗಿ "ಇಲ್ಲ" ಎಂಬ ಉತ್ತರ ಬರುತ್ತದೆ. ಸುಮ್ನೆ ನಂಬಬೇಡಿ, ಇನ್ನೊಂದು ಸಲ ಕೇಳಿ.

ಶಬ್ದ ಏನು ಹೇಳುತ್ತದೆ

ಪವರ್ ಕೊಟ್ಟರೂ ಡಿಸ್ಕ್ ತಿರುಗದೆ, ಸದ್ದೇ ಇಲ್ಲದಿದ್ದರೆ ಸಮಸ್ಯೆ ಹೆಚ್ಚಾಗಿ ಕೆಳಗಿನ ಸರ್ಕ್ಯೂಟ್ ಬೋರ್ಡಿನಲ್ಲಿ ಇರುತ್ತದೆ. ವೋಲ್ಟೇಜ್ ಏರಿದಾಗ ಅಡ್ಡ ನಿಲ್ಲುವ ಟಿವಿಎಸ್ ಡಯೋಡ್ ಶಾರ್ಟ್ ಆಗಿರಬಹುದು. ಮಲ್ಟಿಮೀಟರ್ ಇಟ್ಟರೆ ಗೊತ್ತಾಗುತ್ತದೆ. ಅದೇ ಮಾಡೆಲ್‌ನ ಇನ್ನೊಂದು ಬೋರ್ಡ್ ಹಾಕಿದರೆ ಆಯ್ತು ಅನ್ನುವುದು ಹಳೇ ಕಾಲದ ಮಾತು. ಈಗಿನ ಡಿಸ್ಕ್‌ಗಳಲ್ಲಿ ಆ ಒಂದು ಡಿಸ್ಕಿಗೇ ಹೊಂದಿಸಿದ ಅಳತೆಗಳು ಬೋರ್ಡಿನ ರೋಮ್ (ROM) ಚಿಪ್‌ನಲ್ಲಿ ಇರುತ್ತವೆ. ರ‍್ಯಾಮ್ ಅಲ್ಲ, ಓದಲು ಮಾತ್ರ ಇರುವ ಚಿಪ್. ಹಳೇ ಬೋರ್ಡಿನಿಂದ ಅದನ್ನು ಬಿಚ್ಚಿ ಹೊಸದಕ್ಕೆ ಬೆಸುಗೆ ಹಾಕಬೇಕು.

ಟಕ್, ಟಕ್, ಟಕ್ ಎಂದು ಒಂದೇ ಸಮನೆ ಬಡಿಯುತ್ತಿದ್ದರೆ ಹೆಡ್‌ಗೆ (ಡೇಟಾ ಓದುವ ತುದಿ) ಪ್ಲಾಟರ್ (ಡೇಟಾ ಇರುವ, ತಿರುಗುವ ತಟ್ಟೆ) ಮೇಲಿನ ಗುರುತುಗಳನ್ನು ಓದಲು ಆಗುತ್ತಿಲ್ಲ. ಹುಡುಕುತ್ತದೆ, ಸಿಗುವುದಿಲ್ಲ, ವಾಪಸ್ ಬರುತ್ತದೆ, ಮತ್ತೆ ಹೋಗುತ್ತದೆ. ತಕ್ಷಣ ಪವರ್ ತೆಗೆಯಿರಿ. ಪ್ರತಿ ಬಡಿತಕ್ಕೂ ಪ್ಲಾಟರ್ ಗೀಚಿಕೊಳ್ಳಬಹುದು. ಸಣ್ಣಗೆ ಬೀಪ್ ಅಥವಾ ಗುಂಯ್ ಎಂದು ನಿಂತರೆ ಹೆಡ್ ಪ್ಲಾಟರ್‌ಗೆ ಅಂಟಿರಬಹುದು, ಇಲ್ಲವೇ ಮೋಟಾರ್ ಜಾಮ್ ಆಗಿರಬಹುದು. ಇವೆರಡೂ ನಮ್ಮ ಟೇಬಲ್ ಮೇಲೆ ಆಗುವ ಕೆಲಸವಲ್ಲ.

ಮುಚ್ಚಳ ತೆಗೆದು ನೋಡೋಣ ಅನ್ನಿಸುತ್ತದೆ, ಯೂಟ್ಯೂಬಲ್ಲಿ ಸಲೀಸಾಗಿ ಕಾಣುತ್ತದೆ. ಹೆಡ್ ಪ್ಲಾಟರ್‌ನಿಂದ ಕೆಲವೇ ನ್ಯಾನೋಮೀಟರ್ ಮೇಲೆ ತೇಲುತ್ತಿರುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ನ್ಯಾನೋಮೀಟರ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅದಕ್ಕಿಂತ ನೂರಾರು ಪಟ್ಟು ದಪ್ಪ. ಬಿ.ಎಚ್. ರಸ್ತೆ ಪಕ್ಕದ ಅಂಗಡಿಯಲ್ಲಿ ಡಿಸ್ಕ್ ಬಿಚ್ಚಿದರೆ ಏನಾಗುತ್ತದೆ, ನೀವೇ ಯೋಚಿಸಿ. ಫ್ರಿಜ್ಜಿನಲ್ಲಿ ಇಡುವ ಉಪಾಯವೂ ಬೇಡ, ಹೊರಗೆ ತೆಗೆದ ಕೂಡಲೇ ಒಳಗೆ ನೀರಿನ ಪಸೆ ಕೂರುತ್ತದೆ. ಕ್ಲೀನ್ ರೂಮ್ (ಧೂಳಿಲ್ಲದ ಕೋಣೆ) ಇರುವ ಲ್ಯಾಬ್‌ಗೆ ಕಳಿಸಿ. ಬೆಂಗಳೂರು ಇಲ್ಲಿಂದ ಸುಮಾರು 70 ಕಿ.ಮೀ. ಖರ್ಚು ಜಾಸ್ತಿ ಎಂದು ಮಾಲೀಕರಿಗೆ ಮೊದಲೇ ಹೇಳಿ, ನಿರ್ಧಾರ ಅವರದು.

ಡಿಸ್ಕ್ ಇನ್ನೂ ಕಾಣುತ್ತಿದ್ದರೆ

ಸದ್ದು ಸರಿ ಇದೆ, ಕಂಪ್ಯೂಟರಿಗೆ ಡಿಸ್ಕ್ ಕಾಣುತ್ತಿದೆ, ಆದರೆ ಫೋಲ್ಡರ್ ತೆರೆದರೆ ಹ್ಯಾಂಗ್. ನಮಗೆ ಹೆಚ್ಚು ಸಿಗುವುದು ಇದೇ. ಮೊದಲು ಡಿಸ್ಕ್ ತನ್ನ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ಮಾಹಿತಿ ನೋಡಿ. ವಿಂಡೋಸ್‌ನಲ್ಲಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಕು. ಒಂದು ವಿಷಯ ಗಮನಿಸಿ: ಅದರ ಕೊನೆಯ ಕಾಲಂನ ಸಂಖ್ಯೆಗಳು ಮೊದಲಿಗೆ ಹೆಕ್ಸಾಡೆಸಿಮಲ್‌ನಲ್ಲಿ ಇರುತ್ತವೆ. 10 ಎಂದು ಕಂಡರೆ ಅದು ಹದಿನಾರು. ಮೆನುವಿನಲ್ಲಿ ಡೆಸಿಮಲ್‌ಗೆ ಬದಲಿಸಿಕೊಳ್ಳಿ.

ನೋಡಬೇಕಾದ ಸಾಲುಗಳು ಕೆಲವೇ. ಐಡಿ 5 ಇರುವ ಸಾಲು, ಕೆಟ್ಟಿದ್ದರಿಂದ ಬೇರೆ ಕಡೆಗೆ ಬದಲಿಸಿದ ಸೆಕ್ಟರ್‌ಗಳು (ಸೆಕ್ಟರ್ ಅಂದರೆ ಡಿಸ್ಕಿನ ಒಂದು ಸಣ್ಣ ತುಂಡು ಜಾಗ). 197 (ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ C5 ಎಂದು ಕಾಣುತ್ತದೆ), ಓದಲಾಗದೆ ಬಾಕಿ ಉಳಿದವು. ನನ್ನ ಲೆಕ್ಕದಲ್ಲಿ 197 ಹೆಚ್ಚು ಭಯದ್ದು. 5ರಲ್ಲಿರುವವು ಮುಗಿದ ಕಥೆ, 197ರಲ್ಲಿರುವ ಸೆಕ್ಟರ್‌ಗಳಲ್ಲಿ ಈಗಲೂ ಯಾರದೋ ಫೋಟೋ ಕೂತಿರಬಹುದು. 199 (C7), ಅಂದರೆ ಕೇಬಲ್‌ನಲ್ಲಿ ಡೇಟಾ ಸಾಗುವಾಗ ಆದ ತಪ್ಪುಗಳು, ಮಾತ್ರ ಏರುತ್ತಿದ್ದರೆ ಮೊದಲು ಕೇಬಲ್ ಬದಲಿಸಿ.

ಈಗ ಮುಖ್ಯ ಮಾತು. ಇಂಥ ಡಿಸ್ಕಿನ ಮೇಲೆ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಬೇಡಿ. ಅದಕ್ಕೆ ಫೈಲ್ ಸಿಸ್ಟಮ್ (ಯಾವ ಫೈಲ್ ಎಲ್ಲಿದೆ ಎಂಬ ದಾಖಲೆ) ಒಪ್ಪವಾದರೆ ಸಾಕು, ಹೊಂದದ ದಾಖಲೆಗಳನ್ನು ಕಿತ್ತುಹಾಕಿ ಡಿಸ್ಕಿನ ಮೇಲೇ ಬರೆಯುತ್ತದೆ. ಫಾರ್ಮ್ಯಾಟ್ ಮಾಡಲಾ ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ. ಬೇಕಾದ ಫೋಲ್ಡರನ್ನು ಎಳೆದು ಕಾಪಿ ಮಾಡುವುದೂ ಒಳ್ಳೆಯದಲ್ಲ, ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಅಲ್ಲೇ ಮತ್ತೆ ಮತ್ತೆ ಓದುತ್ತಾ ಕೂರುತ್ತದೆ. ಈ ಡಿಸ್ಕ್ ಇನ್ನೆಷ್ಟು ಹೊತ್ತು ಓದುತ್ತದೋ ಗೊತ್ತಿಲ್ಲ. ಇರುವ ಹೊತ್ತನ್ನು ಪೂರ್ತಿ ಡಿಸ್ಕಿನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಒಂದು ಪ್ರತಿ, ತೆಗೆಯಲು ಬಳಸಿ.

ಅದಕ್ಕೆ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಗ್ನೂ ಡಿಡಿರೆಸ್ಕ್ಯೂ ಬಳಸಿ. ಇದು ಉಚಿತ. ಇದರ ಜಾಣತನ ಇರುವುದು ಓದುವ ಕ್ರಮದಲ್ಲಿ. ತೊಂದರೆ ಕೊಡುವ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ. ಸಲೀಸಾಗಿ ಓದುವ ಭಾಗವನ್ನೆಲ್ಲ ಮೊದಲು ಬಾಚಿಕೊಂಡು, ಆಮೇಲೆ ಬಿಟ್ಟ ಜಾಗಗಳ ಅಂಚನ್ನು, ಕೊನೆಗೆ ಒಂದೊಂದೇ ಸೆಕ್ಟರನ್ನು ಕೆದಕುತ್ತದೆ. ಏನು ಓದಿಯಾಯ್ತು, ಏನು ಬಾಕಿ ಎಂದು ಮ್ಯಾಪ್‌ಫೈಲ್‌ನಲ್ಲಿ ಬರೆದಿಡುತ್ತದೆ. ಮಧ್ಯೆ ಕರೆಂಟ್ ಹೋದರೂ ಅದೇ ಮ್ಯಾಪ್‌ಫೈಲ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್‌ಫೈಲ್ ಕೊಡದೆ ಎಂದೂ ಶುರುಮಾಡಬೇಡಿ. ಹೇಗೂ ಯುಪಿಎಸ್ ಇರಲಿ.

ಆದೇಶದಲ್ಲಿ ಮೊದಲು ಬರೆಯುವುದು ಮೂಲ ಡಿಸ್ಕ್, ಆಮೇಲೆ ಕಾಪಿ ಹೋಗುವ ಜಾಗ. ಅದಲು ಬದಲಾದರೆ ಖಾಲಿ ಡಿಸ್ಕಿನ ಸೊನ್ನೆಗಳು ಮದುವೆ ಫೋಟೋಗಳ ಮೇಲೆ ಕೂರುತ್ತವೆ. ಹಾಗಾಗಿ ಲಿನಕ್ಸ್ ಡಿಸ್ಕ್‌ಗಳಿಗೆ ಕೊಡುವ ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರನ್ನಷ್ಟೇ ನಂಬಬೇಡಿ. ಗಾತ್ರ ಮತ್ತು ಸೀರಿಯಲ್ ನಂಬರನ್ನು ಡಿಸ್ಕಿನ ಲೇಬಲ್‌ಗೆ ತಾಳೆ ನೋಡಿ, ಪಕ್ಕದಲ್ಲಿರುವವರಿಗೂ ತೋರಿಸಿ, ಆಮೇಲೆ ಎಂಟರ್ ಒತ್ತಿ. ಆರೋಗ್ಯವಾದ 1 ಟಿಬಿ ಡಿಸ್ಕನ್ನು ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿದರೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಕೆಟ್ಟದ್ದು ದಿನಗಟ್ಟಲೆ ಹಿಡಿಯಬಹುದು. ಸಂಜೆಗೆ ಕೊಡ್ತೀನಿ ಎಂದು ಮಾತು ಕೊಡಬೇಡಿ. ನಡುವೆ ಟಕ್ ಟಕ್ ಶುರುವಾದರೆ ಅಲ್ಲಿಗೇ ನಿಲ್ಲಿಸಿ.

ಇಮೇಜ್ ಬಂದ ಮೇಲೆ ಮೂಲ ಡಿಸ್ಕನ್ನು ಎತ್ತಿಡಿ. ಇನ್ನು ಎಲ್ಲಾ ಪ್ರಯೋಗ ಇಮೇಜ್ ಮೇಲೆ, ಅದರದೂ ಒಂದು ಕಾಪಿ ಇದ್ದರೆ ಇನ್ನೂ ವಾಸಿ. ಪಾರ್ಟಿಷನ್ (ಡಿಸ್ಕಿನ ಭಾಗ) ಕಳೆದಿದ್ದರೆ ಟೆಸ್ಟ್‌ಡಿಸ್ಕ್ ಎಂಬ ಸಾಫ್ಟ್‌ವೇರ್. ಫೈಲ್ ಸಿಸ್ಟಮ್ ಹಾಳಾಗಿದ್ದರೆ ಫೋಟೋರೆಕ್. ಫೋಟೋರೆಕ್ ಫೈಲಿನ ಹೆಸರು ನೋಡುವುದಿಲ್ಲ, ಆರಂಭದ ಬೈಟ್‌ಗಳಿಂದ ಗುರುತು ಹಿಡಿಯುತ್ತದೆ. ಜೆಪೆಗ್ ಎಂದರೆ ಎಫ್‌ಎಫ್, ಡಿ8, ಎಫ್‌ಎಫ್. ಹಾಗಾಗಿ ಫೋಟೋ ಸಿಗುತ್ತದೆ, ಹೆಸರು ಮತ್ತು ಫೋಲ್ಡರ್ ಸಿಗುವುದಿಲ್ಲ. ಆರತಕ್ಷತೆ, ಅರಿಶಿನ, ಧಾರೆ ಎಲ್ಲಾ ಒಂದೇ ರಾಶಿ. ತುಂಡು ತುಂಡಾಗಿ ಉಳಿದಿರುವ ದೊಡ್ಡ ವಿಡಿಯೋಗಳು ಇದರಲ್ಲಿ ಸರಿಯಾಗಿ ಬರುವುದು ಕಡಿಮೆ.

ಅಳಿಸಿದ ಫೈಲ್‌ಗಳ ವಿಷಯ ಚಿಕ್ಕದು. ಹಾರ್ಡ್ ಡಿಸ್ಕಿನಲ್ಲಿ ಅಳಿಸಿದರೆ ಸಾಮಾನ್ಯವಾಗಿ ದಾಖಲೆಯಲ್ಲಿ ಜಾಗ ಖಾಲಿ ಎಂದು ಗುರುತು ಬೀಳುತ್ತದೆ, ಮೇಲೆ ಬರೆಯುವವರೆಗೆ ಡೇಟಾ ಇರುತ್ತದೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಆದೇಶ (ಈ ಜಾಗ ಇನ್ನು ಬೇಡ ಎಂಬ ಸೂಚನೆ) ಹೋದರೆ ಆ ಆಸೆ ಬಹುತೇಕ ಮುಗಿದಂತೆ. ಗ್ರಾಹಕರಿಗೆ ಇದನ್ನು ನೇರವಾಗಿ ಹೇಳಿಬಿಡಿ.

ಬ್ಯಾಕಪ್

ಸ್ಟುಡಿಯೋದವರನ್ನು ಕೇಳಿದರೆ "ಬ್ಯಾಕಪ್ ಇದೆ ಅಣ್ಣ, ಎಲ್ಲಾ ಈ ಎಕ್ಸ್‌ಟರ್ನಲ್‌ಗೆ ಹಾಕಿದೀವಿ" ಅಂತಾರೆ. ಕಂಪ್ಯೂಟರಿನಿಂದ ಅಳಿಸಿ ಎಕ್ಸ್‌ಟರ್ನಲ್‌ನಲ್ಲಿ ಇಟ್ಟರೆ ಇರುವುದು ಒಂದೇ ಪ್ರತಿ. ಅದನ್ನು ಬ್ಯಾಕಪ್ ಅನ್ನಲು ಆಗಲ್ಲ ಅಲ್ವಾ? ಎರಡು ಡಿಸ್ಕ್‌ಗಳಿಗೆ ಒಟ್ಟಿಗೇ ಬರೆಯುವ ರೇಡ್ ಕೂಡ ಬ್ಯಾಕಪ್ ಅಲ್ಲ, ಒಂದರಲ್ಲಿ ಅಳಿಸಿದ್ದು ಅದೇ ಕ್ಷಣ ಇನ್ನೊಂದರಲ್ಲೂ ಹೋಗುತ್ತದೆ. ಕ್ಲೌಡ್ ಸಿಂಕ್‌ನದೂ ಅದೇ ಗುಣ, ಹಳೇ ಆವೃತ್ತಿಗಳನ್ನು ಇಡದಿದ್ದರೆ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯ ಮಾಡಿದ 3-2-1 ಲೆಕ್ಕ ನಮ್ಮ ಸ್ಟುಡಿಯೋಗಳಿಗೆ ಚೆನ್ನಾಗಿ ಹೊಂದುತ್ತದೆ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರು ಅಥವಾ ಬೇರೆ ಕಟ್ಟಡ. ಒಂದು ಮದುವೆ 200 ಜಿಬಿ ಇದೆ ಅಂದುಕೊಳ್ಳಿ. ಅಪ್‌ಲೋಡ್ ವೇಗ 10 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್, ಮೆಗಾಬೈಟ್ ಅಲ್ಲ) ಇದ್ದರೆ ಕ್ಲೌಡ್‌ಗೆ ಹೋಗಲು ಸುಮಾರು 44 ಗಂಟೆ, 50 ಇದ್ದರೆ ಸುಮಾರು 9 ಗಂಟೆ. ಸೀಸನ್‌ನಲ್ಲಿ ಇದು ನಡೆಯುವ ಮಾತಲ್ಲ. ಆರಿಸಿದ ಫೋಟೋಗಳನ್ನು ಮಾತ್ರ ಕ್ಲೌಡ್‌ಗೆ ಹಾಕಿ. ಪೂರ್ತಿ ಪ್ರತಿ ಎರಡು ಡಿಸ್ಕ್‌ಗಳಲ್ಲಿ ಇರಲಿ. ಸ್ಟುಡಿಯೋ ಶಿರಾ ಗೇಟ್ ಹತ್ತಿರ, ಮನೆ ಕ್ಯಾತ್ಸಂದ್ರದಲ್ಲಿ ಇದ್ದರೆ ಒಂದು ಡಿಸ್ಕ್ ಮನೆಗೆ ಹೋಗಲಿ. ಎರಡೂ ಪ್ರತಿ ಆಗುವವರೆಗೆ ಕ್ಯಾಮೆರಾದ ಕಾರ್ಡ್ ಫಾರ್ಮ್ಯಾಟ್ ಮಾಡಬಾರದು.

ಬ್ಯಾಕಪ್ ಡಿಸ್ಕನ್ನು ಸದಾ ಚುಚ್ಚಿಡಬೇಡಿ. ರಾನ್ಸಮ್‌ವೇರ್ (ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ವೈರಸ್) ಬಂದರೆ ಚುಚ್ಚಿರುವುದಕ್ಕೂ ಬೀಗ ಹಾಕುತ್ತದೆ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರಾನ್ಸಮ್‌ವೇರ್ ಹರಡಿದಾಗ ಡೇಟಾ ಉಳಿಸಿಕೊಂಡವರು ಎಂದರೆ ಹೆಚ್ಚಾಗಿ ಅಪ್‌ಡೇಟ್ ಹಾಕಿದ್ದವರು, ಇಲ್ಲವೇ ಬೇರೆಯಾಗಿ ತೆಗೆದಿಟ್ಟ ಪ್ರತಿ ಇದ್ದವರು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆದರೆ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗೇ ಆನ್ ಆಗುವುದುಂಟು. ಅದರ ರಿಕವರಿ ಕೀ ಪೇಪರಿನಲ್ಲಿ ಪ್ರಿಂಟ್ ಆಗಿರಲಿ. ಕೀ ಇಲ್ಲದಿದ್ದರೆ ಇಮೇಜ್ ಪೂರ್ತಿ ಸಿಕ್ಕರೂ ಪ್ರಯೋಜನವಿಲ್ಲ.

ತಿಂಗಳಿಗೊಮ್ಮೆ ಬ್ಯಾಕಪ್ ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಯಾವುದಾದರೂ ಒಂದು ಮದುವೆಯ ಫೋಲ್ಡರ್ ತೆರೆದು, ವಿಡಿಯೋವನ್ನು ಮಧ್ಯದಿಂದ ಓಡಿಸಿ ನೋಡಲು ಹೇಳಿ. ಫೈಲ್ ಹೆಸರು ಕಂಡ ಮಾತ್ರಕ್ಕೆ ಒಳಗೆ ಸರಿ ಇದೆ ಎಂದಲ್ಲ.

ಅಭ್ಯಾಸಕ್ಕೆ ಗ್ರಾಹಕರ ಡಿಸ್ಕ್ ಬೇಡ. ಒಂದು ಹಳೇ 8 ಜಿಬಿ ಪೆನ್‌ಡ್ರೈವ್‌ಗೆ ಫೋಟೋ ತುಂಬಿ, ಅರ್ಧ ಅಳಿಸಿ, ಡಿಡಿರೆಸ್ಕ್ಯೂನಲ್ಲಿ ಇಮೇಜ್ ತೆಗೆದು, ಫೋಟೋರೆಕ್ ಓಡಿಸಿ. ನಡುವೆ ಬೇಕೆಂದೇ ಡಿಡಿರೆಸ್ಕ್ಯೂ ನಿಲ್ಲಿಸಿ, ಮ್ಯಾಪ್‌ಫೈಲನ್ನು ಟೆಕ್ಸ್ಟ್ ಎಡಿಟರಿನಲ್ಲಿ ತೆರೆಯಿರಿ. ಪ್ಲಸ್ ಗುರುತಿನ ಸಾಲು ಓದಿ ಆದದ್ದು, ಪ್ರಶ್ನಾರ್ಥಕ ಇನ್ನೂ ಮುಟ್ಟದ್ದು, ಮೈನಸ್ ಕೆಟ್ಟ ಸೆಕ್ಟರ್.