ಹೆಲ್ಮೆಟ್ಟಿನೊಳಗೆ ಜೇನು: ಬೈಕ್ ಸವಾರರಿಗೆ ಹುಳ ಕಡಿದಾಗ

"ಜೇನು ಕಡಿತಕ್ಕೆ ಪ್ರಥಮ ಚಿಕಿತ್ಸೆ" ಅಂದರೆ ನರ್ಸಿಂಗ್ ಓದುವ ನಾವೆಲ್ಲ ಕೊಂಡಿ ತೆಗೆಯುವುದು, ಐಸ್ ಇಡುವುದು ಅಂತ ಬರೆದು ಮುಂದಕ್ಕೆ ಹೋಗುತ್ತೇವೆ. ನಾನೂ ಹಾಗೇ ಕಲಿತಿದ್ದೆ. ಹೋದ ವರ್ಷ ಕುಸುಬಿ ಹೂ ಬಿಟ್ಟಿದ್ದಾಗ ಗದಗಿನಿಂದ ಹುಬ್ಬಳ್ಳಿಗೆ ಕಾಕಾನ ಬೈಕಿನ ಹಿಂದೆ ಕೂತು ಬರುವಾಗ ಈ ಪಾಠ ನಿಜವಾಗಿ ತಲೆಗೆ ಹತ್ತಿತು. ನಮ್ಮ ನರ್ಸಿಂಗ್ ತರಗತಿಯಲ್ಲಿ ದಿನಾ ಬೈಕಿನ ಮೇಲೆ ಬರುವವರು ಬಹಳ ಮಂದಿ ಇದ್ದೀರಿ, ಅದಕ್ಕೇ ಬರೆದಿಟ್ಟಿದ್ದೇನೆ.

ಹುಲಕೋಟಿ ದಾಟಿ ಅಣ್ಣಿಗೇರಿ ಕಡೆ ಹೊರಟಿದ್ದೆವು. ಕಾಕಾ ಒಮ್ಮೆಲೇ ಎಡಗೈ ಬಿಟ್ಟು ಹೆಲ್ಮೆಟ್ ಬಡಿದುಕೊಂಡರು. ಬೈಕು ಹೊಯ್ದಾಡಿ ಎರಿ ಹೊಲದ ಬದುವಿಗೆ ಬಂದು ನಿಂತಿತು. ಕಿವಿಯ ಕೆಳಗೆ ಜೇನು ಕಡಿದಿತ್ತು. ಬಾವು ಹುಣಸೆ ಬೀಜದಷ್ಟು, ಅಷ್ಟೇ. ಹೊಲದಲ್ಲಿದ್ದ ಅಜ್ಜ ಚಂಚಿಯಿಂದ ಸುಣ್ಣ ತೆಗೆದು, "ಏನಾಗಂಗಿಲ್ಲ ತಗೋ ತಮ್ಮಾ, ಇದನ್ನ ಹಚ್ಚು" ಅಂದರು. ಕಾಕಾ ಮಾತ್ರ ಎರಡೂ ಅಂಗೈ ಉಜ್ಜಿಕೊಳ್ಳುತ್ತಿದ್ದರು. "ಅಂಗೈ ಯಾಕ ಹಿಂಗ ತುರಸಾಕತ್ತಾವ?" ಅಂದಾಗ ದನಿ ಆಗಲೇ ಒಡೆದಿತ್ತು. ನೆರಳಿಗೆ ಹೋಗೋಣ ಅಂತ ಎದ್ದವರು ಎರಡು ಹೆಜ್ಜೆಗೆ ಕುಸಿದರು.

ಈ ಪಾಠದ ತಿರುಳು ಇಲ್ಲಿದೆ: ಕಡಿದ ಜಾಗ ಎಷ್ಟು ಬಾತಿದೆ ಅನ್ನುವುದಕ್ಕಿಂತ ಕಡಿಯದ ಜಾಗದಲ್ಲಿ ಏನಾಗುತ್ತಿದೆ ಅಂತ ನೋಡಬೇಕು. ಕೈ ಕಡಿದು ಕೈಯೆಲ್ಲ ಬಾತರೆ ನೋವಿದೆ, ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಕಿವಿಯ ಹತ್ತಿರ ಕಡಿದು ಅಂಗೈ ತುರಿಸಿದರೆ, ಹೊಟ್ಟೆಯ ಮೇಲೆ ಗಂಧೆ ಎದ್ದರೆ, ತುಟಿ ಬಾತರೆ, ದನಿ ಬದಲಾದರೆ, ಉಸಿರಿನಲ್ಲಿ ಸುಂಯ್‌ಗುಟ್ಟಿದರೆ, ವಾಂತಿ ಅಥವಾ ಕಣ್ಣು ಕತ್ತಲೆ ಬಂದರೆ ಅದು ಅನಾಫಿಲ್ಯಾಕ್ಸಿಸ್, ಅಂದರೆ ಇಡೀ ಮೈಗೆ ಹರಡಿ ಜೀವಕ್ಕೇ ಕುತ್ತು ತರುವ ಅಲರ್ಜಿ, ಇರಬಹುದು. ಕೆಲವರಿಗೆ ಗಂಧೆ ಏಳುವುದೇ ಇಲ್ಲ, ನೇರ ರಕ್ತದೊತ್ತಡವೇ ಇಳಿಯುತ್ತದೆ. ಅದಕ್ಕೆ ಚರ್ಮ ಚೆನ್ನಾಗಿದೆ ಅಂತ ಸಮಾಧಾನ ಪಡಬಾರದು.

ಕಾಕಾ ಎದ್ದಾಗಲೇ ಯಾಕೆ ಬಿದ್ದರು? ಹಿಂದೆ ಯಾವಾಗಲೋ ಕಡಿದ ಜೇನಿನಿಂದ ಮೈಯಲ್ಲಿ ಐಜಿಇ ಅನ್ನುವ ಪ್ರತಿಕಾಯ (ಆ ವಿಷವನ್ನು ಗುರುತು ಹಿಡಿಯುವ ಪ್ರೋಟೀನು) ತಯಾರಾಗಿ, ಅಲರ್ಜಿ ಎಬ್ಬಿಸುವ ಮಾಸ್ಟ್ ಕೋಶಗಳ ಮೇಲೆ ಕೂತಿರುತ್ತದೆ. ಮತ್ತೆ ಕಡಿದಾಗ ಆ ಕೋಶಗಳು ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ರಕ್ತನಾಳ ಹಿಗ್ಗಿ ಸೋರುತ್ತವೆ, ಶ್ವಾಸನಾಳ ಬಿಗಿಯುತ್ತದೆ. ಹಿಗ್ಗಿದ ನಾಳಗಳಲ್ಲಿ ರಕ್ತ ಕಾಲಿನ ಕಡೆ ಇಳಿದು ನಿಂತರೆ ಹೃದಯಕ್ಕೆ ವಾಪಸ್ ಬರಲು ರಕ್ತವೇ ಇರುವುದಿಲ್ಲ. ಆದ್ದರಿಂದ ಅಂಗಾತ ಮಲಗಿಸಿ ಕಾಲು ಎತ್ತರಿಸಿ. ನಾನು ನನ್ನ ಪುಸ್ತಕದ ಚೀಲವನ್ನೇ ಕಾಲಿನ ಕೆಳಗಿಟ್ಟೆ. ಉಸಿರಾಟವೇ ಕಷ್ಟವಾದರೆ ಕೂರಿಸಿ, ಗರ್ಭಿಣಿಯಾದರೆ ಎಡಮಗ್ಗುಲಿಗೆ ಮಲಗಿಸಿ. ಎಬ್ಬಿಸಿ ನಡೆಸಬೇಡಿ. "ಇಲ್ಲೇ ಐತಿ ಆಸ್ಪತ್ರಿ, ಬೈಕ್ ಮ್ಯಾಲೆ ಹೋಗೋಣ" ಅನ್ನುವವರು ಇದ್ದೇ ಇರುತ್ತಾರೆ, ಕೇಳಬೇಡಿ. 108ಕ್ಕೆ ಕರೆ ಮಾಡಿ, ಕಿಲೋಮೀಟರ್ ಕಲ್ಲಿನ ಮೇಲಿನ ಅಂಕಿ ಓದಿ ಹೇಳಿ.

ಔಷಧ ಒಂದೇ: ಅಡ್ರಿನಾಲಿನ್, ಅಂದರೆ ರಕ್ತದೊತ್ತಡ ಎತ್ತಿ ಶ್ವಾಸನಾಳ ಸಡಿಲಿಸುವ ಚುಚ್ಚುಮದ್ದು. ದೊಡ್ಡವರಿಗೆ 0.5 ಮಿ.ಗ್ರಾಂ, ಅಂದರೆ 1:1000 ದ್ರಾವಣದ 0.5 ಮಿ.ಲೀ., ತೊಡೆಯ ನಡುಭಾಗದ ಹೊರಬದಿಯ ಸ್ನಾಯುವಿಗೆ. ಸುಧಾರಿಸದಿದ್ದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ಏವಿಲ್ ಎಂಬ ಅಲರ್ಜಿ ಔಷಧ, ಹೈಡ್ರೋಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಇವೆಲ್ಲ ಆಮೇಲಿನ ಮಾತು. ಏವಿಲ್ ತುರಿಕೆ ಇಳಿಸುತ್ತದೆ, ಬೀಳುವ ರಕ್ತದೊತ್ತಡವನ್ನು ಎತ್ತುವುದಿಲ್ಲ. ಇದನ್ನು ದಯವಿಟ್ಟು ಅಡಿಗೆರೆ ಹಾಕಿಕೊಳ್ಳಿ.

ಕೊಂಡಿಯ ವಿಷಯಕ್ಕೆ ಬಂದರೆ, ಜೇನಿನ ಕೊಂಡಿಗೆ ಮುಳ್ಳುಗಳಿರುವುದರಿಂದ ವಿಷದ ಚೀಲದ ಸಮೇತ ಚರ್ಮದಲ್ಲೇ ಉಳಿದು ವಿಷ ಒತ್ತುತ್ತಿರುತ್ತದೆ. ಉಗುರಿನಿಂದ ಕೆರೆಯಿರಿ ಅಥವಾ ಚಿವುಟಿ ತೆಗೆಯಿರಿ, ಹೇಗೆ ತೆಗೆದರೂ ಸರಿ, ಬೇಗ ತೆಗೆಯಬೇಕು. ಕಣಜ ಕೊಂಡಿ ಬಿಡುವುದಿಲ್ಲ, ಮತ್ತೆ ಮತ್ತೆ ಕಡಿಯುತ್ತದೆ. ಕೈಗೆ ಕಡಿದಿದ್ದರೆ ಬಾವು ಏರುವ ಮುಂಚೆ ಉಂಗುರ ತೆಗೆದುಬಿಡಿ. ಬಾಯೊಳಗೆ ಕಡಿದರೆ ಅಲರ್ಜಿ ಇಲ್ಲದವರಿಗೂ ಗಂಟಲು ಕಟ್ಟಬಹುದು. ಹೆಲ್ಮೆಟ್ಟಿನ ಗಾಜು ಎತ್ತಿಕೊಂಡು ಓಡಿಸುವವರಿಗೆ ಈ ಮಾತು.

ಇನ್ನು ಸವಾರಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್ ಹೋಗುತ್ತೇವೆ. ಮೂರು ಸೆಕೆಂಡ್ ಹೆಲ್ಮೆಟ್ ಬಡಿದುಕೊಂಡರೆ 50 ಮೀಟರ್ ದಾರಿಯನ್ನು ನೋಡದೆ ಕಳೆದಂತೆ. ಒಂದೇ ಹುಳವಾದರೆ ಎರಡೂ ಕೈ ಹ್ಯಾಂಡಲ್ ಮೇಲೇ ಇರಲಿ. ಆಕ್ಸಿಲರೇಟರ್ ಇಳಿಸಿ, ಎಡಕ್ಕೆ ಸಿಗ್ನಲ್ ಹಾಕಿ, ನಿಂತು, ಸ್ಟ್ಯಾಂಡ್ ಹಾಕಿದ ಮೇಲೆ ಪಟ್ಟಿ ಬಿಚ್ಚಿ. ಇನ್ನೊಂದು ಸಲ ಕಡಿಸಿಕೊಂಡರೂ ಪರವಾಗಿಲ್ಲ, ಲಾರಿಯ ಮುಂದೆ ಬೀಳುವುದು ಬೇಡ. ಹೆಜ್ಜೇನಿನ ಹಿಂಡಾದರೆ ಲೆಕ್ಕ ಬೇರೆ: ಗಾಜು ಮುಚ್ಚಿ, ನಿಲ್ಲದೆ, ಒಂದೇ ಸಮನೆ ಓಡಿಸಿ ದೂರ ಹೋಗಿ. ಕಡಿದ ಜೇನು ಬಾಳೆಹಣ್ಣಿನಂಥ ವಾಸನೆ ಬಿಟ್ಟು ಉಳಿದವನ್ನು ಕರೆಯುತ್ತದೆ, ಅದನ್ನು ಹೊಸಕಿದರೆ ಇನ್ನಷ್ಟು ಬರುತ್ತವೆ. ಹಿಂಡು ಕಡಿದವರನ್ನು ಅಲರ್ಜಿ ಇಲ್ಲದಿದ್ದರೂ ಆಸ್ಪತ್ರೆಗೆ ಒಯ್ಯಬೇಕು. ವಿಷದ ಪ್ರಮಾಣಕ್ಕೇ ಸ್ನಾಯು ಕರಗಿ ಮೂತ್ರಪಿಂಡ ಕೆಡಬಹುದು.

ಜೇನಷ್ಟೇ ಅಲ್ಲ, ಓಡಿಸುವಾಗ ರಕ್ತದ ಸಕ್ಕರೆ ಇಳಿದು ಕೈ ನಡುಗಿದಾಗ, ಎದೆ ಹಿಂಡಿ ಬೆವರಿದಾಗ ಕೂಡ ಮೊದಲ ಕೆಲಸ ಬೈಕ್ ನಿಲ್ಲಿಸುವುದೇ. "ಊರು ಬಂತಲ್ಲ" ಅಂತ ಎಳೆಯಬಾರದು.

ಆಂಬುಲೆನ್ಸ್‌ನಲ್ಲೇ ತೊಡೆಗೆ ಸೂಜಿ ಬಿತ್ತು. ಸ್ವಲ್ಪ ಹೊತ್ತಿಗೆ ಕಾಕಾ ಕಣ್ಣು ತೆರೆದು ನೀರು ಕೇಳಿದರು. ಸಂಜೆ ಮನೆಗೆ ಹೊರಡುತ್ತೇನೆ ಅಂತ ಹಠ ಹಿಡಿದರು, ವೈದ್ಯರು ಬಿಡಲಿಲ್ಲ. ಇಳಿದ ಲಕ್ಷಣ ಕೆಲವು ಗಂಟೆ ಬಿಟ್ಟು ಮತ್ತೆ ಬರಬಹುದು. ಈಗ ಅವರ ಪಾಕೀಟಿನಲ್ಲಿ, ಲೈಸೆನ್ಸ್ ಹಿಂದೆ, ನಾನೇ ಬರೆದ ಚೀಟಿ ಇದೆ: ಹೆಸರು, ರಕ್ತದ ಗುಂಪು, "ಜೇನು ಕಡಿದರೆ ಅನಾಫಿಲ್ಯಾಕ್ಸಿಸ್ ಆಗುತ್ತದೆ, ಮಲಗಿಸಿ, ಅಡ್ರಿನಾಲಿನ್ ಕೊಡಿಸಿ", ಕೆಳಗೆ ಕಾಕೂನ ಫೋನ್ ನಂಬರ್.